ಗೇಣುದ್ದದ ಟೇಪು

ಅವಳು ಮೊದಲ ಸಲ ಬಾಯಿ ತೆರೆದಾಗ ನಾನು ಕಿವಿ ಮುಚ್ಚಿಕೊಂಡೆ.
ಸುಳ್ಳಲ್ಲ. ಎರಡೂ ಅಂಗೈಯಲ್ಲಿ.
ಜಿನೋವಾ ಬಂದರಿನ ಹಿಂದೆ, ಸಿನೆಮಾ ಮಂದಿರದ ನೆಲಮಾಳಿಗೆ,
ಗೋಡೆಗೆ ಮೊಟ್ಟೆಯ ಟ್ರೇ, ನೆಲಕ್ಕೆ ಯಾರದೋ ಮದುವೆಯ ಕಂಬಳಿ,
ಎಪ್ಪತ್ತಮೂರರ ಫೆಬ್ರವರಿ.
ಗಾಜಿನಾಚೆ ಅರ್ಮೀದಾ ಬೊಟ್ಸಾನೊ,
ಸಣ್ಣ ಮೀನು ಉಪ್ಪಿಗೆ ಹಾಕುವವಳ ಮಗಳು,
ಮೈಕಿನ ಮುಂದೆ ನಿಂತದ್ದು
ದೋಣಿ ತಳ್ಳುವವರು ನಿಲ್ಲುವ ಹಾಗೆ, ಒಂದು ಕಾಲು ಮುಂದೆ.

ತುಲ್ಲಿಯೊ ಸಂಗೀತಶಾಲೆಯಲ್ಲಿ ಕಲಿತವನು,
ಆರ್ಗನ್ನಿನ ಮೇಲೆ ಇಗರ್ಜಿಯನ್ನೇ ಎಬ್ಬಿಸುತ್ತಿದ್ದ,
ಕಂಬದ ಮೇಲೆ ಕಂಬ, ಕಮಾನಿಗೊಂದು ಕಮಾನು.
ಗಾಸ್ಪಾರೆ ಏಳೇಳು ಎಣಿಸಿ ಬಡಿಯುವವನು,
ಆರಕ್ಕೇ ಮುಗಿಯಿತೆಂದು ಕಾಲಿಟ್ಟವರಿಗೆ
ಕತ್ತಲಲ್ಲಿ ಇನ್ನೊಂದು ಮೆಟ್ಟಿಲು.
ಹದಿನೆಂಟು ನಿಮಿಷದ ಹಾಡು. ಅಷ್ಟು ದೊಡ್ಡ ಇಗರ್ಜಿಯ
ಬಾಗಿಲು ತೆರೆಯಲು ಬಂದದ್ದು ಇಂಥ ದನಿ:
ಕಲ್ಲುಪ್ಪಿನದು. ಜರಡಿ ಕಾಣದ್ದು.
ಶ್ರುತಿಗೆ ಅವಳು ಮುಂಬಾಗಿಲಿಂದ ಬರುತ್ತಿರಲಿಲ್ಲ,
ಹಿತ್ತಲಿಂದ ನುಗ್ಗುತ್ತಿದ್ದಳು, ಕೈಕಾಲು ತೊಳೆಯದೆ,
ಬಂದವಳೇ ನಡುಮನೆಯಲ್ಲಿ ಕೂತುಬಿಡುತ್ತಿದ್ದಳು.

ಮೂರನೆಯ ದಿನ ನನ್ನ ಕೈ ಕಿವಿಯಿಂದ ಇಳಿದಿತ್ತು.
ಯಾವಾಗ ಇಳಿಯಿತೋ ಗೊತ್ತಿಲ್ಲ.
ಅವಳು ಒಂದು ಪದವನ್ನು ಹಿಡಿದು,
ಒದ್ದೆ ಹಗ್ಗವನ್ನು ಎಳೆಯುವ ಹಾಗೆ ಎಳೆದರೆ
ಆ ಕಡೆಯ ತುದಿಯಲ್ಲಿ ಏನೋ ಭಾರದ್ದು
ನೀರಿನಡಿಯಿಂದ ಅಲುಗುತ್ತಿತ್ತು.
ಚಂದದ ಗಂಟಲುಗಳು ಹಗ್ಗ ತೋರಿಸುತ್ತವೆ.
ಇವಳು ಭಾರ ತೋರಿಸಿದಳು.

ಮಿಲಾನಿನ ಕಂಪನಿಯವನು ಬಂದ. ಕೋಟು ಬಿಚ್ಚಲಿಲ್ಲ.
"ಬೇರೆ ಯಾರಾದರೂ ಹಾಡಿದರೆ?" ಎಂದ.
ಗಾಸ್ಪಾರೆ ಕೋಲು ಕೆಳಗಿಟ್ಟ.
ಆ ಮಾತು ಅಲ್ಲಿಗೇ ನಿಂತಿತು.
ಆಮೇಲೆ ಕಾರಿಡಾರಿನಲ್ಲಿ ನನ್ನೊಬ್ಬನ ಹೆಗಲಿಗೆ ಕೈ:
ಹದಿನಾಲ್ಕನೆಯ ನಿಮಿಷ, ವಾದ್ಯಗಳೆಲ್ಲ ನಿಂತ ಜಾಗ,
ಅವಳೊಬ್ಬಳೇ ಇರುವ ಜಾಗ,
ದನಿ ಸೀಳಿ ಎರಡಾಗಿ
ನಡುವೆ ಹಳೆಯ ಬಟ್ಟೆ ಹರಿದಂಥ ಒಂದು ಉಸಿರು,
ಅದೊಂದನ್ನು ತೆಗೆದುಬಿಡು.

ನಾನು ಸಂಬಳದವನು. ಬ್ಲೇಡು ಹೊಸದಿತ್ತು.
ಓರೆಯಾಗಿ ಕತ್ತರಿಸಿದೆ, ಓರೆಯಾಗಿ ಅಂಟಿಸಿದೆ,
ನನ್ನಷ್ಟು ಸಾಫಾಗಿ ಕತ್ತರಿಸುವವರು
ಆ ಕರಾವಳಿಯಲ್ಲೇ ಇರಲಿಲ್ಲ.

ರಾತ್ರಿ ಎಲ್ಲರೂ ಕೂತು ಕೇಳಿದೆವು.
ತುಲ್ಲಿಯೊಗೆ ಗೊತ್ತಾಗಲಿಲ್ಲ.
ಅರ್ಮೀದಾ ಗಂಟಲ ಮೇಲೆ ಬೆರಳಿಟ್ಟು ಹೇಳಿದಳು:
"ಇಲ್ಲಿ ಒಬ್ಬಳು ಕಡಿಮೆ."
ನಾನು ಬೂದಿ ಕೊಡವುತ್ತ ಕೂತಿದ್ದೆ.

ಆರುನೂರು ತಟ್ಟೆ ಮಾರಾಟವಾಯಿತು, ಅದೂ ಕಷ್ಟದಲ್ಲಿ.
ತುಲ್ಲಿಯೊ ಮೇಷ್ಟ್ರಾದ. ನಾನು ಟೂತ್‌ಪೇಸ್ಟಿನ ಜಾಹೀರಾತಿಗೆ ಹೋದೆ.
ಹನ್ನೊಂದು ವರ್ಷದ ಮೇಲೆ, ಮಾರುಕಟ್ಟೆಯಲ್ಲಿ,
ಮೀನಿನ ದರ ಕೂಗುವ ದನಿಯೊಂದು
ಬೆನ್ನ ಹಿಂದಿನಿಂದ ಬಂದು ಕಾಲು ಕಟ್ಟಿತು.
ಅದೇ ಬಿರುಕು. ಅರ್ಧ ಕಿಲೋ ಎಂಬ ಮಾತಿಗೆ
ಅಷ್ಟೊಂದು ಕಡಲು ಬೇಕಿರಲಿಲ್ಲ.
ಅರ್ಧ ಕಿಲೋ ಕೊಂಡೆ. ಚಿಲ್ಲರೆ ಎಣಿಸಿ ಕೊಟ್ಟಳು.
ಹೇಳಬೇಕಾದದ್ದನ್ನು ಹೇಳಲಿಲ್ಲ.
ಮುಂದಿನ ಶನಿವಾರವೂ ಕೊಂಡೆ.
ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ.

ಈಗ ಅವಳಿಲ್ಲ. ಕತ್ತರಿಸಿದ ತುಂಡು ಇದೆ,
ತಂಬಾಕಿನ ಡಬ್ಬಿಯಲ್ಲಿ, ಗೇಣುದ್ದ,
ಯಂತ್ರದಲ್ಲಾದರೆ ಅರ್ಧ ಸೆಕೆಂಡು, ಮೇಲೊಂದಿಷ್ಟು.
ಯಂತ್ರ ಗುಜರಿಗೆ ಹೋಯಿತು, ಅದರ ಹೆಡ್ಡು ಮಾತ್ರ ಉಳಿಸಿಕೊಂಡಿದ್ದೇನೆ.
ಎರಡು ತಂತಿ, ಒಂದು ಪುಟ್ಟ ಸ್ಪೀಕರು,
ಟೇಪನ್ನು ಕೈಯಿಂದಲೇ ಎಳೆಯುತ್ತೇನೆ.
ನಿಧಾನಕ್ಕೆ ಎಳೆದರೆ ಮಂಜಿನಲ್ಲಿ ಹಡಗು ಕೂಗುತ್ತದೆ.
ಜೋರಾಗಿ ಎಳೆದರೆ ಕಡಲಹಕ್ಕಿ.
ನಡುವೆ ಎಲ್ಲೋ ಅರ್ಮೀದಾ ಇದ್ದಾಳೆ,
ಅವಳ ವೇಗ ನನ್ನ ಕೈಗೆ ಹತ್ತುವುದಿಲ್ಲ.

ಟೇಪಿಗೂ ವಯಸ್ಸಾಯಿತು, ಪುಡಿ ಉದುರುತ್ತದೆ.
ಎಳೆದಾಗಲೆಲ್ಲ ಒಂದಿಷ್ಟು ಕಂದು
ಬೆರಳಿಗೆ ಅಂಟುತ್ತದೆ.
ತೊಳೆಯುವ ಮೊದಲು
ಸ್ವಲ್ಪ ಹೊತ್ತು ಹಾಗೇ ಕೂರುತ್ತೇನೆ.